ಪಗೋಡ ಮರವನ್ನು ಅಲ್ಲಾಡಿಸಿದವರು

ಅಲ್ಲಾಡಿಸಿದರೆ ಚಿನ್ನ ಉದುರುವ ಮರವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಅಡಿಕೆಯ ಗೊನೆ ತಾನಾಗಿ ಇಳಿಯದು. ಕಾಫಿ ಹಣ್ಣನ್ನು ಕೈಯಿಂದಲೇ ಬಿಡಿಸಬೇಕು. ಆದರೆ ಹಳೆಯ ಇಂಗ್ಲಿಷಿನಲ್ಲಿ ‘ಪಗೋಡ ಮರವನ್ನು ಅಲ್ಲಾಡಿಸುವುದು’ ಎಂಬ ನುಡಿಗಟ್ಟಿತ್ತು. ಭಾರತಕ್ಕೆ ಬಂದು, ಬೇಗನೆ ಹಣ ಮಾಡಿಕೊಂಡು ತಾಯ್ನಾಡಿಗೆ ಮರಳಿದ ಈಸ್ಟ್ ಇಂಡಿಯಾ ಕಂಪನಿಯ ನೌಕರರ ಬಗೆಗಿನ ಮಾತದು.

ಆ ಪಗೋಡ ಬೇರೇನೂ ಅಲ್ಲ, ನಮ್ಮ ವರಹವೇ. ಗಂಗಾವತಿ ಸೀಮೆಯ ಸಾಣಾಪುರದಿಂದ ಕೆಲವೇ ಮೈಲಿ ದೂರದಲ್ಲಿ ಆನೆಗೊಂದಿಯಿದೆ, ಹೊಳೆಯಾಚೆ ಹಂಪಿ. ಅಲ್ಲಿ ಆಳಿದ ವಿಜಯನಗರದ ಅರಸರ ಚಿನ್ನದ ನಾಣ್ಯ ವರಹ. ತೂಕ ಸುಮಾರು 3.4 ಗ್ರಾಂ. ಪೋರ್ಚುಗೀಸರು ಗುಡಿಯನ್ನೂ ವಿಗ್ರಹವನ್ನೂ ಪಗೋಡ ಎನ್ನುತ್ತಿದ್ದರು. ದೇವರ ಚಿತ್ರವಿದ್ದ ನಾಣ್ಯಕ್ಕೂ ಅದೇ ಹೆಸರು ಅಂಟಿತು. ಅದರ ಮೂಲ ‘ಭಗವತಿ’ ಎಂದು ಕೆಲವರು, ಪಾರಸಿಯ ‘ಬುತ್‌ಕದಾ’ ಎಂದು ಕೆಲವರು ಹೇಳುತ್ತಾರೆ.

ವಿಜಯನಗರದ ನಂತರವೂ ವರಹ ಉಳಿಯಿತು. ಮಲೆನಾಡಿನಲ್ಲಿ ಕೆಳದಿಯ ನಾಯಕರ ಇಕ್ಕೇರಿ ವರಹ, ಬಳಿಕ ಹೈದರಾಲಿಯ ಬಹಾದ್ದೂರಿ ವರಹ ನಡೆದವು. ಮದರಾಸಿನಲ್ಲಿ ಕಂಪನಿಯ ನಕ್ಷತ್ರ ಪಗೋಡಕ್ಕೆ 42 ಹಣ, ಒಂದು ಹಣಕ್ಕೆ 80 ಕಾಸು. ಒಂದೊಂದಕ್ಕೂ ಒಂದೊಂದು ಬೆಲೆ. ಕೈಗೆ ಬಂದ ನಾಣ್ಯ ಒಂದು, ಕೊಡಬೇಕಾದ ನಾಣ್ಯ ಇನ್ನೊಂದಾದರೆ ಚಿನಿವಾರನ ಬಳಿಗೆ ಹೋಗಬೇಕು, ಅವನು ವಟ್ಟ ಮುರಿದುಕೊಳ್ಳುತ್ತಾನೆ. ಲೆಕ್ಕ ತಿಳಿಯದವನ ಗಳಿಕೆ ಅಲ್ಲೇ ಸೋರುತ್ತಿತ್ತು. 1818ರಲ್ಲಿ ಮದರಾಸು ಸರ್ಕಾರ 100 ಪಗೋಡಕ್ಕೆ 350 ರೂಪಾಯಿಯಂತೆ ಲೆಕ್ಕವನ್ನು ರೂಪಾಯಿಗೆ ತಂದಿತು. ಪಗೋಡ ಎಂಬ ಪದ ಕ್ರಮೇಣ ಕಡತಗಳಲ್ಲಿ ಮಲಗಿತು.

ಪದ ಹೋಯಿತು, ಪಾಠ ಹೋಗಲಿಲ್ಲ. ಇಂದು ನಮ್ಮ ಕಾಫಿ ಮಾರಾಟ 50 ಕಿಲೋ ಚೀಲದ ಲೆಕ್ಕದಲ್ಲಿ, ರೂಪಾಯಿಯಲ್ಲಿ. ಆದರೆ ಅರೇಬಿಕಾದ ಧಾರಣೆ ನ್ಯೂಯಾರ್ಕಿನಲ್ಲಿ ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಎಂದು, ರೊಬಸ್ಟಾದ್ದು ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ನಿಗದಿಯಾಗುತ್ತದೆ. ಪೌಂಡ್ ಎಂದರೆ ಸುಮಾರು 454 ಗ್ರಾಂ. ಡಾಲರಿನ ದರ, ಔಟ್‌ಟರ್ನ್, ತೇವಾಂಶದ ಕಡಿತ ಇವನ್ನೆಲ್ಲ ಕಳೆದು ಕೂಡಿಸಿದ ಮೇಲೆ ನಮ್ಮ ಚೀಲದ ಬೆಲೆ. ಈ ಲೆಕ್ಕ ಬಲ್ಲವನೊಡನೆ ವ್ಯಾಪಾರಿ ಮಾತಾಡುವ ರೀತಿಯೇ ಬೇರೆ.

ಆದ್ದರಿಂದ ಸದಸ್ಯ ಬಾಂಧವರು ಬಿಲ್ಲನ್ನು ಮಡಿಚಿ ಜೇಬಿಗಿಡುವ ಮುನ್ನ ಒಮ್ಮೆ ಪೂರ್ತಿ ಓದಬೇಕು. ತಿಳಿಯದ ಪದವಿದ್ದರೆ ಸಂಘದ ಕಚೇರಿಯಲ್ಲಿ ಕೇಳಲು ಸಂಕೋಚ ಬೇಡ. ನೆಟ್ಟವರು ನಾವು, ಉದುರಿದ್ದನ್ನು ಎಣಿಸಲೂ ನಾವೇ ಕಲಿಯೋಣ.