ಮಚ್ಚು, ಕೋವಿ ಮತ್ತು ನಮ್ಮ ಬೀದಿ

ದಕ್ಷಿಣ ಬೆಂಗಳೂರಿನ ಅಪರಾಧ ಸುದ್ದಿಗಳನ್ನು ಒಂದು ತಿಂಗಳು ಕತ್ತರಿಸಿಟ್ಟುಕೊಂಡು ಒಟ್ಟಿಗೆ ಓದಿದರೆ ಕೆಲವೇ ಶೀರ್ಷಿಕೆಗಳು ಮತ್ತೆ ಮತ್ತೆ ಬರುವುದು ಕಾಣುತ್ತದೆ: ಹಳೇ ದ್ವೇಷಕ್ಕೆ ಕೊಲೆ, ಗುರಾಯಿಸಿದ್ದಕ್ಕೆ ಹಲ್ಲೆ, ಕೊಟ್ಟ ಸಾಲ ಕೇಳಿದ್ದಕ್ಕೆ ಇರಿತ, ಬಾರ್ ಮುಂದೆ ಹೊಡೆದಾಟ, ಶೀಲ ಶಂಕಿಸಿ ಪತ್ನಿಯ ಹತ್ಯೆ. ಆಯುಧ ಯಾವುದು ಎಂದು ನೋಡಿದರೆ ಮಚ್ಚು, ಲಾಂಗು, ಡ್ಯಾಗರ್, ಅಡುಗೆಮನೆಯ ಚಾಕು, ಇಲ್ಲವೇ ಪಕ್ಕದಲ್ಲಿ ಬಿದ್ದಿದ್ದ ಸಿಮೆಂಟ್ ಇಟ್ಟಿಗೆ. ಪಿಸ್ತೂಲಿನ ಹೆಸರು ಬರುವುದು ಅಪರೂಪ.

ಬನಶಂಕರಿ, ಪದ್ಮನಾಭನಗರ, ಇಟ್ಟಮಡು, ಉತ್ತರಹಳ್ಳಿಗಳ ನಡುವಿನ ಚಿಕ್ಕಲಸಂದ್ರ ಒಂದು ಕಾಲಕ್ಕೆ ಊರ ಹೊರಗಿನ ಹಳ್ಳಿ. ಈಗ ಬಡಾವಣೆಯ ಮೇಲೆ ಬಡಾವಣೆ, ಬಾಡಿಗೆ ಮನೆಗಳು, ಅಪಾರ್ಟ್‌ಮೆಂಟುಗಳು. ಎದುರು ಮನೆಯವರ ಹೆಸರು ಗೊತ್ತಿಲ್ಲದೆ ವರ್ಷಗಟ್ಟಲೆ ಬದುಕುವವರಿದ್ದಾರೆ. ಮಕ್ಕಳು ಹೊರದೇಶದಲ್ಲಿರುವ ವೃದ್ಧ ದಂಪತಿಗಳಿದ್ದಾರೆ, ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿದ್ದಾರೆ. ಸರಗಳ್ಳತನದ ಸುದ್ದಿ ಒಂದು ಬಂದರೆ ಸಾಕು, ಸಂಜೆಯ ವಾಕಿಂಗ್‌ನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಒಂದು ರಿವಾಲ್ವರ್ ಲೈಸೆನ್ಸ್ ಮಾಡಿಸಿಬಿಟ್ಟರೆ ಹೇಗೆ?” ಭಯದಿಂದ ಹುಟ್ಟಿದ ಪ್ರಶ್ನೆ ಅದು. ಗಂಭೀರವಾಗಿಯೇ ಉತ್ತರಿಸಬೇಕು.

ಕೊಲ್ಲುವವರು ಯಾರು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅವುಗಳಲ್ಲಿ 9,962ಕ್ಕೆ ಕಾರಣ ಜಗಳ, ತಕರಾರು. 3,761ಕ್ಕೆ ವೈಯಕ್ತಿಕ ದ್ವೇಷ. ಹಣ, ಒಡವೆಯಂಥ ಲಾಭಕ್ಕಾಗಿ ನಡೆದ ಕೊಲೆಗಳು 1,884. ಮುಸುಕು ಹಾಕಿಕೊಂಡು ಗೋಡೆ ಹಾರಿ ಬರುವ ಅಪರಿಚಿತನನ್ನು ನೆನೆದು ನಾವು ಹೆದರುತ್ತೇವೆ; ಆದರೆ ಕೊಲೆಗಾರ ಬಹುಮಟ್ಟಿಗೆ ಸತ್ತವರ ಗುರುತಿನವನೇ. ಪಾರ್ಕಿಂಗ್ ಜಾಗ, ನಿವೇಶನದ ಗಡಿ, ಚೀಟಿ ದುಡ್ಡು, ಮುರಿದ ಪ್ರೀತಿ, ಕುಡಿತ: ಇಂಥ ಯಾವುದೋ ಒಂದರಿಂದ ಶುರುವಾದ ಮಾತು ವಾರಗಟ್ಟಲೆ ಬೆಳೆದಿರುತ್ತದೆ.

ಮನೆಯೊಳಗಿನ ಮಾತಂತೂ ಇನ್ನೂ ಕಹಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದಲ್ಲೇ ಅತಿ ಹೆಚ್ಚು ಇದು. ಬಾಗಿಲಿಗೆ ಮೂರು ಬೀಗ ಹಾಕಿದರೂ ಈ ಹಿಂಸೆ ಹೊರಗೆ ಉಳಿಯುವುದಿಲ್ಲ. ವೈಯಕ್ತಿಕ ಸುರಕ್ಷತೆಯ ಯಾವ ಚರ್ಚೆಯೂ ಈ ಅಂಕಿಯನ್ನು ದಾಟಿಕೊಂಡು ಮುಂದೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಂದೂಕು ತರೋಣವೇ ಎಂದು ಕೇಳುವಾಗ, ಆ ಬಂದೂಕು ಯಾವ ಮನೆಯ ಬೀರುವಿನಲ್ಲಿ ಕೂರುತ್ತದೆ ಎಂಬುದೂ ಸೇರಿಯೇ ಪ್ರಶ್ನೆ ಪೂರ್ತಿಯಾಗುತ್ತದೆ.

ಮಚ್ಚಿನ ಕಾನೂನು

ಉತ್ತರಹಳ್ಳಿ ಮುಖ್ಯರಸ್ತೆಯ ಬದಿಯಲ್ಲಿ ಎಳನೀರು ಮಾರುವವರ ಕೈಯಲ್ಲಿರುವ ಮಚ್ಚನ್ನು ಗಮನಿಸಿ. ತೂಕದ ಅಲಗು, ದಿನವೂ ಮಸೆದು ಹೊಳೆಯುವ ಅಂಚು, ಬೆವರಿಗೆ ಕಪ್ಪಾದ ಮರದ ಹಿಡಿ. ಮೂರು ಏಟಿಗೆ ಕಾಯಿಯ ತಲೆ ಹಾರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದೇ ಮಾಡಿದ ಹತಾರಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ಕತ್ತಿ, ಬಾಕು, ಭರ್ಜಿ ಮತ್ತು ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾಗಿರುವ ಇಂಥ ಹರಿತ ಆಯುಧಗಳು ಅದರ ನಿಯಮಗಳ ಪಟ್ಟಿಯಲ್ಲಿವೆ. ಕುಲುಮೆಯಲ್ಲಿ ಹೇಳಿ ಮಾಡಿಸಿದ ಲಾಂಗನ್ನು ಬೈಕಿನ ಸೀಟಿನಡಿ ಇಟ್ಟುಕೊಂಡು ತಿರುಗುವವನು ಬೇಸಾಯದ ನೆಪ ಹೇಳಿ ಪಾರಾಗಲಾರ. 2025ರ ಮಾರ್ಚಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಕಿರುತೆರೆಯ ಇಬ್ಬರು ಸ್ಪರ್ಧಿಗಳನ್ನು ಬಸವೇಶ್ವರನಗರ ಪೊಲೀಸರು ಬಂಧಿಸಿದ್ದು ಇದೇ ಕಾಯ್ದೆಯಡಿ.

ಲಾಂಗು ಮಚ್ಚು ಎಂದರೆ ರೌಡಿಸಂ ಎಂದೇ ಅರ್ಥವಾಗುವಷ್ಟು ಈ ನಗರದಲ್ಲಿ ಅದು ಬೇರೂರಿದೆ. ರೌಡಿಗಳಾದ ಜಯರಾಜ್, ಕೊತ್ವಾಲ್ ರಾಮಚಂದ್ರರ ಕಾಲದಿಂದ ರೋಲ್‌ಕಾಲ್, ಹಫ್ತಾ, ಏರಿಯಾ ಮೇಲಿನ ಹಿಡಿತ ಎಲ್ಲಕ್ಕೂ ಅದೇ ಬಂಡವಾಳ. 1995ರ ‘ಓಂ’ ಚಿತ್ರದಲ್ಲಿ ನಿಜವಾದ ರೌಡಿಗಳೇ ಕಾಣಿಸಿಕೊಂಡರು. 1989ರಲ್ಲಿ ಜಯರಾಜ್ ಲಾಲ್‌ಬಾಗ್ ಬಳಿ ಗುಂಡಿಗೆ ಬಲಿಯಾದಾಗ ಬೆಂಗಳೂರಿನ ಭೂಗತ ಜಗತ್ತು ಮುಂಬೈಯ ಹಾದಿ ಹಿಡಿಯಿತೆಂದು ಅನೇಕರು ಭಾವಿಸಿದ್ದರು. ಹಾಗೆ ಪೂರ್ತಿ ಆಗಲಿಲ್ಲ. ಮಚ್ಚೇ ಉಳಿಯಿತು. 2013ರ ನವೆಂಬರ್ 19ರ ಬೆಳಿಗ್ಗೆ ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ ಬ್ಯಾಂಕ್ ಉದ್ಯೋಗಿಯೊಬ್ಬರ ಮೇಲೆ ಎರಗಿದವನ ಚೀಲದಲ್ಲಿದ್ದದ್ದೂ ಅದೇ. ಆತ ಸಿಕ್ಕಿಬಿದ್ದದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ.

ಮಚ್ಚಿನಿಂದಲೂ ಜನ ಸಾಯುತ್ತಾರೆ, ಹಾಗಿರುವಾಗ ಬಂದೂಕಿನ ಮೇಲೇಕೆ ಇಷ್ಟು ಕಟ್ಟುನಿಟ್ಟು ಎಂದು ಕೇಳುವವರಿದ್ದಾರೆ. ಕಾರಣ ಸರಳ. ಮಚ್ಚು ಬೀಸಲು ಹತ್ತಿರ ಬರಬೇಕು. ಓಡಿ ತಪ್ಪಿಸಿಕೊಳ್ಳಬಹುದು, ಕೂಗಿದರೆ ಜನ ಸೇರಬಹುದು, ಗಾಯವಾದರೂ ಎಷ್ಟೋ ಮಂದಿ ಬದುಕುತ್ತಾರೆ. ಬಾರ್ ಮುಂದಿನ ಅದೇ ಜಗಳದಲ್ಲಿ ಸೊಂಟದಲ್ಲೊಂದು ಪಿಸ್ತೂಲಿದ್ದರೆ ಈ ಮೂರಕ್ಕೂ ಸಮಯವಿರುವುದಿಲ್ಲ.

ಕೋವಿಯ ಕಾನೂನು

ಬೆಂಗಳೂರು ನಗರದಲ್ಲಿ ಬಂದೂಕಿನ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಠಾಣೆಯಿಂದ ಹಿನ್ನೆಲೆ ಪರಿಶೀಲನೆಯ ವರದಿ ಬರಬೇಕು. 2016ರ ನಿಯಮಗಳಂತೆ ಬಂದೂಕು ಹಿಡಿಯುವ, ಕಾಪಾಡುವ ತರಬೇತಿಯ ಪ್ರಮಾಣಪತ್ರ ಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಮದುವೆ ಮೆರವಣಿಗೆಯ ಸಂಭ್ರಮದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾರ್ವಜನಿಕ ಶಾಂತಿಗೆ ಭಂಗ ಬರುತ್ತದೆ ಎನಿಸಿದರೆ ಅರ್ಜಿಯನ್ನೇ ತಿರಸ್ಕರಿಸುವ ಅಧಿಕಾರ ಕಾಯ್ದೆಯಲ್ಲಿದೆ.

ಕೊಡಗಿನದು ಬೇರೆಯೇ ಕಥೆ. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ಸಾವಿನ ಮನೆಯಲ್ಲಿ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದೆ. ಮಲೆನಾಡಿನ ರೈತನಿಗೂ ಬೆಳೆ ಕಾಯಲು ಕೋವಿಯ ಪರವಾನಗಿ ಸಿಗುತ್ತದೆ, ಹಂದಿ, ಕಾಡಾನೆಗಳ ಕಾಟ ಇರುವಲ್ಲಿ ಅದು ಸಿಗಲೇಬೇಕು. ತಲೆಮಾರುಗಳ ಶಿಸ್ತು, ಹಿರಿಯರ ಕಣ್ಣು, ಕಾಡಿನಂಚಿನ ಅಗತ್ಯ ಇರುವ ಜಾಗದ ಉದಾಹರಣೆಯನ್ನು ತಂದು ಮೂರನೇ ಮಹಡಿಯ ಬಾಡಿಗೆ ಮನೆಗೆ ಅನ್ವಯಿಸಲು ಬರುವುದಿಲ್ಲ.

ಪರವಾನಗಿ ಇಲ್ಲದ ನಾಡ ಪಿಸ್ತೂಲುಗಳ ಸಮಸ್ಯೆ ನಮ್ಮ ರಾಜ್ಯದಲ್ಲಿ ಇಲ್ಲವೇ? ಇದೆ. ವಿಜಯಪುರ ಜಿಲ್ಲೆಯ ಭೀಮಾ ತೀರದ ಹೆಸರು ಇದಕ್ಕಾಗಿಯೇ ಕುಖ್ಯಾತ. 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬುವ ವಾಹನದ ಸಿಬ್ಬಂದಿ ಮೇಲೆ ಹಾಡಹಗಲೇ ಗುಂಡು ಹಾರಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್, ಇಬ್ಬರೂ ತಮ್ಮ ತಮ್ಮ ಮನೆಯ ಬಾಗಿಲಲ್ಲೇ 7.65 ಎಂ.ಎಂ. ನಾಡ ಪಿಸ್ತೂಲಿಗೆ ಬಲಿಯಾದರು. ಕನ್ನಡ ಬದುಕಿಗೆ ಬಿದ್ದ ಈ ಗಾಯ ಇನ್ನೂ ಹಸಿಯಾಗಿದೆ. ಗುಂಡು ನಳಿಕೆಯಿಂದ ಹೊರಬರುವಾಗ ಅದರ ಮೈಮೇಲೆ ಬೀಳುವ ಗೀರುಗಳು, ಕೇಪಿನ ಮೇಲೆ ಬೀಳುವ ಗುರುತು ಒಂದೊಂದು ಪಿಸ್ತೂಲಿಗೂ ಬೇರೆ ಬೇರೆ. ಅವನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಎರಡೂ ಕೊಲೆಗಳಲ್ಲಿ ಬಳಕೆಯಾದದ್ದು ಒಂದೇ ಪಿಸ್ತೂಲು ಎಂದಿತು. ಬಂದೂಕು ವಿರಳವಾಗಿರುವ ಸಮಾಜದಲ್ಲಿ ಒಂದು ಪಿಸ್ತೂಲಿನ ಜಾಡು ಹಿಡಿಯುವುದಕ್ಕೆ ಅವಕಾಶ ಹೆಚ್ಚು. ಕಾನೂನು ಸಡಿಲಾದರೆ ಕಳ್ಳ ಪಿಸ್ತೂಲು ಕಡಿಮೆಯಾಗುವುದಿಲ್ಲ, ಅದು ಅಡಗಿಕೊಳ್ಳಲು ಗುಂಪು ದೊಡ್ಡದಾಗುತ್ತದೆ.

ಅಮೆರಿಕದಲ್ಲಿ ಸಾಮಾನ್ಯ ನಾಗರಿಕರ ಬಳಿ ಇರುವ ಬಂದೂಕುಗಳ ಸಂಖ್ಯೆ ಅಲ್ಲಿನ ಜನಸಂಖ್ಯೆಗಿಂತಲೂ ಹೆಚ್ಚೆಂದು ಅಂದಾಜು. 2022ರಲ್ಲಿ ಅಲ್ಲಿ ಗುಂಡಿನಿಂದ ಸತ್ತವರು 48 ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು 27 ಸಾವಿರ ಮಂದಿಯದು ಆತ್ಮಹತ್ಯೆ. ರಕ್ಷಣೆಗೆಂದು ತಂದ ಬಂದೂಕು ಮನಸ್ಸು ಕುಸಿದ ಒಂದು ಗಳಿಗೆಯಲ್ಲಿ ಮನೆಯವರ ಕೈಗೇ ಸಿಗುತ್ತದೆ. ಅಲ್ಲಿನ ಕನ್ನಡ ಕುಟುಂಬಗಳ ಮಕ್ಕಳು ಶಾಲೆಯಲ್ಲಿ ಗುಂಡಿನ ದಾಳಿಯಾದರೆ ಮೇಜಿನಡಿ ಹೇಗೆ ಅಡಗಬೇಕೆಂದು ಅಭ್ಯಾಸ ಮಾಡುತ್ತಾರೆ. ಚಿಕ್ಕಲಸಂದ್ರದ ಯಾವ ಶಾಲೆಯ ಮಗುವೂ ಅದನ್ನು ಕಲಿಯಬೇಕಾಗಿ ಬಂದಿಲ್ಲ.

ಕೈಯಲ್ಲಿ ಬಂದೂಕಿದ್ದ ಮಾತ್ರಕ್ಕೆ ಕಾವಲು ಗಟ್ಟಿಯಾಗುವುದೂ ಇಲ್ಲ. 2025ರ ನವೆಂಬರ್ 19ರಂದು ಜಯನಗರದ ಅಶೋಕ ಪಿಲ್ಲರ್ ಬಳಿ ಹಣದ ವಾಹನವೊಂದನ್ನು ರಿಸರ್ವ್ ಬ್ಯಾಂಕ್ ಅಧಿಕಾರಿಗಳ ಸೋಗಿನಲ್ಲಿ ತಡೆದು 7.11 ಕೋಟಿ ರೂಪಾಯಿ ದೋಚಲಾಯಿತು. ವಾಹನದಲ್ಲಿ ಗನ್‌ಮ್ಯಾನ್‌ಗಳಿದ್ದರು.

ತನ್ನನ್ನು ತಾನು ಕಾಪಾಡಿಕೊಳ್ಳುವ ಹಕ್ಕು

ದಾಳಿಯಾದಾಗ ತಿರುಗಿ ಹೊಡೆಯುವ ಹಕ್ಕು ನಿಮಗಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದನ್ನೇ ಹೇಳುತ್ತವೆ. ನಿಮ್ಮ ಮೈಯನ್ನು ಮಾತ್ರವಲ್ಲ, ಬೇರೊಬ್ಬರ ಮೈಯನ್ನೂ ಕಾಪಾಡಬಹುದು. ಜೀವ ಹೋಗುವ, ತೀವ್ರ ಗಾಯವಾಗುವ, ಅತ್ಯಾಚಾರದ, ಆ್ಯಸಿಡ್ ದಾಳಿಯ ಭಯ ನಿಜವಾಗಿ ಎದುರಾದರೆ ದಾಳಿಕೋರ ಸತ್ತರೂ ಅದು ಅಪರಾಧವಲ್ಲ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ. ಓಡುತ್ತಿರುವವನನ್ನು ಅಟ್ಟಿಸಿಕೊಂಡು ಹೋಗಿ ಬಡಿದರೆ ಹಕ್ಕು ಅಲ್ಲಿಗೆ ಮುಗಿಯಿತು. ಪೆಪ್ಪರ್ ಸ್ಪ್ರೇ ಚೀಲದಲ್ಲಿಟ್ಟುಕೊಳ್ಳಲು ಪರವಾನಗಿ ಬೇಡ. ಹಾಗೆಂದು ಬಾಯಿಜಗಳಕ್ಕೆ ಅದನ್ನು ಬಳಸಿದರೆ ಕಷ್ಟ: ಅಂಥ ಪ್ರಕರಣವೊಂದರಲ್ಲಿ 2024ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಅಪಾಯಕಾರಿ ಅಸ್ತ್ರವೆಂದೇ ಪರಿಗಣಿಸಿತು.

ಇರಿತಕ್ಕೆ ಒಳಗಾದವರು ಕಣ್ಣೆದುರಿಗೆ ಬಿದ್ದಿದ್ದರೆ ಮಾಡಬೇಕಾದ್ದನ್ನು ಎಲ್ಲರೂ ತಿಳಿದಿರಬೇಕು. ಚಾಕು ಮೈಯಲ್ಲೇ ಸಿಕ್ಕಿಕೊಂಡಿದ್ದರೆ ಕೀಳಬೇಡಿ. ಅದು ರಕ್ತನಾಳವನ್ನು ಒತ್ತಿ ಹಿಡಿದಿರಬಹುದು, ಕಿತ್ತರೆ ರಕ್ತ ಒಮ್ಮೆಲೇ ಚಿಮ್ಮುತ್ತದೆ. ಕೈಕಾಲಿನ ಗಾಯದಿಂದ ರಕ್ತ ಹರಿಯುತ್ತಿದ್ದರೆ ಟವೆಲನ್ನೋ ದುಪಟ್ಟಾವನ್ನೋ ಮಡಿಸಿ ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ, ಮೈಭಾರ ಹಾಕಿ ಒತ್ತಿ. ನಿಂತಿತೇ ಎಂದು ನೋಡಲು ಪದೇ ಪದೇ ತೆಗೆಯಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಬಟ್ಟೆ. ಪೊಲೀಸ್ ಕೇಸು ಎಂಬ ಕಾರಣಕ್ಕೆ ಆಸ್ಪತ್ರೆ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಮೊದಲ ಬೆದರಿಕೆಯ ದಿನ

ಈ ಬರಹ ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಜಗಳ ಕೊಲೆಯಾಗಿ ಬೆಳೆಯಲು ಸಮಯ ತೆಗೆದುಕೊಳ್ಳುತ್ತದೆ. ತಡೆಯುವವರಿಗೂ ಸಿಗುವುದು ಅದೇ ಸಮಯ. “ನಿನ್ನ ಮುಗಿಸಿಬಿಡ್ತೀನಿ” ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೋಪದ ಮಾತೆಂದು ತಳ್ಳಿಹಾಕುತ್ತಾರೆ. ಮರ್ಯಾದೆಗೆ ಅಂಜಿ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ನ್ಯಾಯ ಸಂಹಿತೆಯ 351ನೇ ಕಲಮು ಕೊಲ್ಲುವ ಬೆದರಿಕೆಗೆ 7 ವರ್ಷದವರೆಗೆ ಶಿಕ್ಷೆ ಇಟ್ಟಿದೆ. ದೂರು ಬಂದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಎದುರು ಪಕ್ಷವನ್ನು ಕರೆಸಿ ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಬೆಂಗಳೂರಿನಂಥ ಕಮಿಷನರೇಟ್‌ನಲ್ಲಿ ಆ ಅಧಿಕಾರ ಪೊಲೀಸ್ ಅಧಿಕಾರಿಗಳ ಕೈಯಲ್ಲೇ ಇದೆ. ಪದೇ ಪದೇ ತಪ್ಪು ಮಾಡುವವರನ್ನು ಗಡಿಪಾರು ಮಾಡಲು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. 1985ರ ಗೂಂಡಾ ಕಾಯ್ದೆಯಡಿ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಇದು ಬಹಳ ಕಠಿಣ ಅಧಿಕಾರ, ಅಳೆದು ತೂಗಿ ಬಳಸಬೇಕಾದದ್ದು. ಸಾಮಾನ್ಯ ತಕರಾರುಗಳಿಗೆ ಮುಚ್ಚಳಿಕೆಯೇ ಸಾಕಾದೀತು, ಅದೂ ಸಕಾಲದಲ್ಲಿ ಆದರೆ.

ಹಾಗಾಗಿ ಚಿಕ್ಕಲಸಂದ್ರದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಯಾರಾದರೂ ನಿಮ್ಮನ್ನು ಹಿಂಬಾಲಿಸಿದರೆ, ಹೆದರಿಸಿದರೆ, ಮನೆ ಮುಂದೆ ಬಂದು ಕೂಗಾಡಿದರೆ ಆ ದಿನವೇ ಬರೆದಿಡಿ: ದಿನಾಂಕ, ಹೊತ್ತು, ಆಡಿದ ಮಾತು, ಕಂಡವರ ಹೆಸರು. ಸಂದೇಶಗಳನ್ನು ಅಳಿಸಬೇಡಿ. ತಕ್ಷಣದ ಅಪಾಯವಿದ್ದರೆ 112, ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098. ಪಕ್ಕದ ಮನೆಯಿಂದ ಹೊಡೆಯುವ ಸದ್ದು ಕೇಳಿದರೆ ಅವರ ಪರವಾಗಿ ನೀವೂ 112ಕ್ಕೆ ಕರೆ ಮಾಡಬಹುದು; ದಯವಿಟ್ಟು ಮಾಡಿ. ದೂರು ಕೊಡಲು ಹೋದಾಗ ಗಡಿ ನಮ್ಮದಲ್ಲ ಎಂದು ಠಾಣೆಯವರು ಹೇಳಿದರೆ ಝೀರೋ ಎಫ್‌ಐಆರ್ ದಾಖಲಿಸಲು ಕೇಳಿ. ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಬರಹದಲ್ಲಿ ಡಿಸಿಪಿ ಕಚೇರಿಗೆ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಿ. ಎರಡನೇ ಬೆದರಿಕೆಗೆ ಕಾಯಬೇಡಿ.