ರೋಗಿಯ ಜೀವಕೋಶವೇ ಮದ್ದಾದಾಗ

ಚಿಕಿತ್ಸೆಗೆ ಬಗ್ಗದೆ ಮರುಕಳಿಸುವ ರಕ್ತದ ಕ್ಯಾನ್ಸರಿಗೂ ಹುಟ್ಟಿನಿಂದಲೇ ಬರುವ ಹಲವು ರಕ್ತದ ಕಾಯಿಲೆಗಳಿಗೂ ಬಹುಕಾಲದವರೆಗೆ ಶಾಶ್ವತ ಪರಿಹಾರವೆಂದು ಹೇಳಬಹುದಾಗಿದ್ದುದು ಅಸ್ಥಿಮಜ್ಜೆಯ ಕಸಿ ಒಂದನ್ನೇ. ಮೂಳೆಯೊಳಗಿನ ಮಜ್ಜೆಯಲ್ಲಿ ಎಲ್ಲ ಬಗೆಯ ರಕ್ತಕಣಗಳಿಗೂ ಮೂಲವಾದ ಕಾಂಡಕೋಶಗಳಿರುತ್ತವೆ. ಅವುಗಳನ್ನು ಪ್ರಬಲ ಔಷಧಗಳಿಂದ ನಾಶಪಡಿಸಿ, ಆರೋಗ್ಯವಂತರೊಬ್ಬರ ಕಾಂಡಕೋಶಗಳನ್ನು ಆ ಜಾಗದಲ್ಲಿ ನೆಲೆಗೊಳಿಸುವುದು ಈ ಚಿಕಿತ್ಸೆಯ ಕ್ರಮ. ಇದಕ್ಕೆ ಅಂಗಾಂಶದ ಗುರುತುಗಳು ಹೊಂದಿಕೆಯಾಗುವ ದಾನಿ ಬೇಕು. ಒಡಹುಟ್ಟಿದವರಲ್ಲಿಯೂ ಪೂರ್ಣ ಹೊಂದಾಣಿಕೆಯ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ದಾನಿ ಸಿಕ್ಕರೂ, ಹೊಸದಾಗಿ ಬಂದ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ಅದರ ಮೇಲೆರಗುವ ಅಪಾಯ ಇದ್ದೇ ಇರುತ್ತದೆ. ಇತ್ತೀಚಿನ ಸಂಶೋಧನೆ ಈ ತೊಡಕಿಗೆ ಕಂಡುಕೊಂಡಿರುವ ದಾರಿಯೆಂದರೆ ರೋಗಿಯ ಸ್ವಂತ ಜೀವಕೋಶಗಳನ್ನೇ ಹೊರತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಮರಳಿ ಅದೇ ದೇಹಕ್ಕೆ ಸೇರಿಸುವುದು.

ಈ ದಾರಿಯಲ್ಲಿ ಎಲ್ಲಕ್ಕಿಂತ ಮುಂದೆ ಸಾಗಿರುವುದು ಕಾರ್-ಟಿ ಕೋಶ ಚಿಕಿತ್ಸೆ. ಟಿ ಕೋಶಗಳು ರೋಗನಿರೋಧಕ ವ್ಯವಸ್ಥೆಗೆ ಸೇರಿದ ಬಿಳಿ ರಕ್ತಕಣಗಳು. ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಕೊಲ್ಲುವುದು ಅವುಗಳ ಕೆಲಸ. ಆದರೆ ಕ್ಯಾನ್ಸರ್ ಕೋಶ ದೇಹದ ಸ್ವಂತ ಕೋಶವೇ ಆಗಿರುವುದರಿಂದ ಅನೇಕ ಸಲ ಅವುಗಳ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ. ಚಿಕಿತ್ಸೆಯ ಮೊದಲ ಹಂತದಲ್ಲಿ ರೋಗಿಯ ರಕ್ತವನ್ನು ಯಂತ್ರವೊಂದರ ಮೂಲಕ ಕೆಲವು ಗಂಟೆಗಳ ಕಾಲ ಹಾಯಿಸಿ, ಬಿಳಿ ಕಣಗಳನ್ನು ಬೇರ್ಪಡಿಸಿಕೊಂಡು, ಉಳಿದ ರಕ್ತವನ್ನು ಹಿಂದಿರುಗಿಸಲಾಗುತ್ತದೆ. ಬಳಿಕ, ರೋಗ ತರುವ ಶಕ್ತಿಯನ್ನು ತೆಗೆದುಹಾಕಿದ ವೈರಸ್ಸೊಂದನ್ನು ವಾಹಕವಾಗಿ ಬಳಸಿ ಟಿ ಕೋಶಗಳೊಳಗೆ ಹೊಸ ವಂಶವಾಹಿಯನ್ನು ಸೇರಿಸುತ್ತಾರೆ. ಅದರ ಸೂಚನೆಯಂತೆ ಆ ಕೋಶಗಳ ಮೈಮೇಲೆ ಒಂದು ಹೊಸ ಗ್ರಾಹಕ ಮೂಡುತ್ತದೆ. ಕಾರ್ ಎಂಬುದು ಈ ಗ್ರಾಹಕದ ಇಂಗ್ಲಿಷ್ ಹೆಸರಿನ ಹ್ರಸ್ವರೂಪ. ಹೀಗೆ ಸಜ್ಜಾದ ಕೋಶಗಳನ್ನು ಕೋಟಿಗಟ್ಟಲೆಯಾಗಿ ಬೆಳೆಸಿ, ಗುಣಮಟ್ಟ ಪರೀಕ್ಷಿಸಿ, ರೋಗಿಯ ರಕ್ತನಾಳಕ್ಕೆ ಹನಿಸಲಾಗುತ್ತದೆ.

ಈ ಗ್ರಾಹಕ ಹುಡುಕುವ ಗುರುತು ಯಾವುದೆಂಬುದರಲ್ಲಿಯೇ ಚಿಕಿತ್ಸೆಯ ಜಾಣ್ಮೆಯೆಲ್ಲ ಅಡಗಿದೆ. ಬಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ಕಣಗಳ ಮೇಲೆ ಸಿಡಿ-19 ಎಂಬ ಪ್ರೋಟೀನ್ ಇರುತ್ತದೆ, ಆ ಕೋಶಗಳಿಂದ ಹುಟ್ಟುವ ಲ್ಯುಕೇಮಿಯಾ ಮತ್ತು ಲಿಂಫೋಮಾಗಳಲ್ಲಿಯೂ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಆ ಗುರುತಿನ ಬೆನ್ನು ಹತ್ತಿದ ಟಿ ಕೋಶಗಳು ರೋಗದ ಕೋಶಗಳ ಜೊತೆಗೆ ಆರೋಗ್ಯವಂತ ಬಿ ಕೋಶಗಳನ್ನೂ ಕೊಲ್ಲುತ್ತವೆ ಎಂಬುದು ನಿಜ. ಆದರೆ ಬಿ ಕೋಶಗಳಿಲ್ಲದೆಯೂ ಮನುಷ್ಯ ಬದುಕಬಲ್ಲ. ಅವುಗಳಿಂದ ಒದಗಬೇಕಾದ ಪ್ರತಿಕಾಯಗಳ ಕೊರತೆಯನ್ನು ಹೊರಗಿನಿಂದ ಚುಚ್ಚುಮದ್ದಿನ ಮೂಲಕ ತುಂಬಿಕೊಡಬಹುದು. ಹೃದಯ, ಶ್ವಾಸಕೋಶಗಳಂತಹ ಅಂಗಗಳಲ್ಲಿ ಏಳುವ ಗಡ್ಡೆಗಳಿಗೆ ಇಂತಹ ಅನುಕೂಲವಿಲ್ಲದಿರುವುದು ಕಾರ್-ಟಿ ಚಿಕಿತ್ಸೆ ಮೊದಲು ರಕ್ತದ ಕ್ಯಾನ್ಸರಿನಲ್ಲಿಯೇ ಯಶಸ್ಸು ಕಾಣಲು ಒಂದು ಮುಖ್ಯ ಕಾರಣ.

2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ಲ್ಯುಕೇಮಿಯಾ ಮರುಕಳಿಸಿದ್ದ ಆರು ವರ್ಷದ ಬಾಲಕಿಯೊಬ್ಬಳಿಗೆ ಈ ಚಿಕಿತ್ಸೆ ನೀಡಲಾಯಿತು. ಟಿ ಕೋಶಗಳು ದಾಳಿಗಿಳಿದಾಗ ಸೈಟೋಕೈನ್ ಎಂಬ ಸಂದೇಶವಾಹಕ ರಾಸಾಯನಿಕಗಳು ರಕ್ತದಲ್ಲಿ ಒಮ್ಮೆಲೇ ಉಕ್ಕಿ, ತೀವ್ರ ಜ್ವರ ಬಂದು, ರಕ್ತದೊತ್ತಡ ಕುಸಿದು, ಆಕೆ ಸಾವಿನ ಅಂಚಿಗೆ ತಲುಪಿದಳು. ಅವುಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ವಿಪರೀತ ಏರಿರುವುದನ್ನು ಕಂಡ ಈ ಚಿಕಿತ್ಸೆಯನ್ನು ರೂಪಿಸಿದ ವಿಜ್ಞಾನಿ ಕಾರ್ಲ್ ಜೂನ್ ಅವರ ತಂಡಕ್ಕೆ, ಸಂಧಿವಾತಕ್ಕೆ ಬಳಕೆಯಲ್ಲಿದ್ದ ಟೋಸಿಲಿಜುಮ್ಯಾಬ್ ಎಂಬ ಔಷಧ ಅದನ್ನೇ ತಡೆಯುತ್ತದೆಂಬುದು ಹೊಳೆಯಿತು. ಆ ಔಷಧ ಕೊಟ್ಟ ಬಳಿಕ ಬಾಲಕಿ ಚೇತರಿಸಿಕೊಂಡಳು, ಕ್ಯಾನ್ಸರ್ ಕೂಡ ಕಾಣೆಯಾಯಿತು. ಅಂದು ಆಕೆ ತೀರಿಕೊಂಡಿದ್ದರೆ ಈ ಸಂಶೋಧನೆ ಎಷ್ಟೋ ವರ್ಷ ಹಿಂದೆ ಬೀಳುತ್ತಿತ್ತು ಎಂದು ಹೇಳಿದರೆ ಅತಿಶಯೋಕ್ತಿಯಾಗದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಚಿಕಿತ್ಸೆಗೆ ಅನುಮತಿ ನೀಡಿದಾಗ ನಿಗದಿಯಾದ ಬೆಲೆ 4,75,000 ಡಾಲರ್.

ಅಷ್ಟು ಹಣ ಹೊಂದಿಸುವುದು ಭಾರತದ ಕುಟುಂಬಗಳಿಗೆ ಆಗದ ಮಾತು. ಈ ಕಾರಣದಿಂದಲೇ ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಂಶೋಧಕರು ಸೇರಿ ರೂಪಿಸಿದ ನೆಕ್ಸ್‌ಕಾರ್-19 ಚಿಕಿತ್ಸೆಗೆ ವಿಶೇಷ ಮಹತ್ವವಿದೆ. ವೈರಸ್ ವಾಹಕದ ತಯಾರಿಕೆಯಿಂದ ಹಿಡಿದು ಕೋಶಗಳನ್ನು ಬೆಳೆಸುವವರೆಗಿನ ಕೆಲಸವನ್ನು ದೇಶದಲ್ಲಿಯೇ ನಡೆಸಿದ್ದರಿಂದ ಬೆಲೆ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿಯಿತು. 2023ರ ಅಕ್ಟೋಬರಿನಲ್ಲಿ ಅನುಮತಿ ಪಡೆದ ಇದನ್ನು 2024ರ ಏಪ್ರಿಲಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಲೋಕಾರ್ಪಣೆ ಮಾಡಿದರು. ಬೇರೆ ಚಿಕಿತ್ಸೆಗಳು ಫಲಿಸದ ರೋಗಿಗಳಲ್ಲಿ ಸುಮಾರು ನೂರಕ್ಕೆ 73 ಮಂದಿಯಲ್ಲಿ ಇದು ಪರಿಣಾಮ ತೋರಿತೆಂದು ಪ್ರಯೋಗಗಳ ವರದಿ ತಿಳಿಸುತ್ತದೆ. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯಿಂದ ತಂತ್ರಜ್ಞಾನ ಪಡೆದು ಸಿದ್ಧಪಡಿಸಿದ ಮತ್ತೊಂದು ಕಾರ್-ಟಿ ಚಿಕಿತ್ಸೆ 2025ರ ಆರಂಭದಲ್ಲಿ ಬಳಕೆಗೆ ಬಂದಿತು. ಇಷ್ಟಾದರೂ ವೆಚ್ಚ ಹತ್ತಾರು ಲಕ್ಷ ರೂಪಾಯಿಗಳಲ್ಲಿಯೇ ಇದೆ ಎಂಬುದನ್ನು, ಮತ್ತು ಕೆಲವರಲ್ಲಿ ರೋಗ ಮತ್ತೆ ತಲೆಯೆತ್ತುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕ್ಯಾನ್ಸರ್ ಅಲ್ಲದ ರಕ್ತದ ಕಾಯಿಲೆಗಳಲ್ಲಿ ತಿದ್ದಬೇಕಾದುದು ಟಿ ಕೋಶಗಳನ್ನಲ್ಲ, ಕಾಂಡಕೋಶಗಳನ್ನು. ಗಾಯವಾದರೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ, ಎಂದರೆ ಕುಸುಮರೋಗದಲ್ಲಿ, ಎಂಟನೆಯ ಹೆಪ್ಪುಕಾರಕ ಪ್ರೋಟೀನಿನ ಕೊರತೆ ಹೆಚ್ಚಾಗಿ ಕಾಣುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ಆ ಪ್ರೋಟೀನಿನ ವಂಶವಾಹಿಯನ್ನು ಐವರು ರೋಗಿಗಳ ಕಾಂಡಕೋಶಗಳಲ್ಲಿ ಸೇರಿಸಿ ಮರಳಿ ನೀಡಿದ್ದು, ಅನಂತರದ ಅವಧಿಯಲ್ಲಿ ಅವರಲ್ಲಿ ಯಾರಿಗೂ ರಕ್ತಸ್ರಾವ ಆಗಲಿಲ್ಲವೆಂದು 2024ರ ಡಿಸೆಂಬರಿನಲ್ಲಿ ವರದಿಮಾಡಿದರು. ಪ್ರಯೋಗಕ್ಕೆ ಒಳಗಾದವರ ಸಂಖ್ಯೆ ಚಿಕ್ಕದಾದರೂ ಫಲಿತಾಂಶ ಚಿಕ್ಕದಲ್ಲ.

ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಅಸಹನೀಯ ನೋವನ್ನುಂಟುಮಾಡುವ ಸಿಕಲ್ ಸೆಲ್ ರೋಗದಲ್ಲಿ ಸಂಶೋಧಕರು ಬೇರೆಯೇ ಉಪಾಯ ಹೂಡಿದ್ದಾರೆ. ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು; ಹುಟ್ಟಿದ ಕೆಲವು ತಿಂಗಳಲ್ಲಿ ಬಿಸಿಎಲ್11ಎ ಎಂಬ ವಂಶವಾಹಿ ಅದರ ಉತ್ಪಾದನೆಯನ್ನು ಅಡಗಿಸುತ್ತದೆ. ಕ್ರಿಸ್ಪರ್ ಎಂಬ ತಂತ್ರದಿಂದ ರಕ್ತದ ಕಾಂಡಕೋಶಗಳಲ್ಲಿ ಈ ವಂಶವಾಹಿಯನ್ನು ಮಂಕಾಗಿಸಿದರೆ ಶಿಶು ಹಿಮೋಗ್ಲೋಬಿನ್ ಮತ್ತೆ ಉತ್ಪತ್ತಿಯಾಗಿ, ಕಣಗಳು ಬಾಗುವುದನ್ನು ತಡೆಯುತ್ತದೆ. ಕ್ಯಾಸ್‌ಗೆವಿ ಎಂಬ ಈ ಚಿಕಿತ್ಸೆ ಪಡೆದು ಸಾಕಷ್ಟು ಕಾಲ ನಿಗಾದಲ್ಲಿದ್ದ 31 ಮಂದಿಯಲ್ಲಿ 29 ಮಂದಿ ಕನಿಷ್ಠ ಒಂದು ವರ್ಷ ತೀವ್ರ ನೋವಿನಿಂದ ಪಾರಾದರು. 2023ರ ನವೆಂಬರಿನಲ್ಲಿ ಬ್ರಿಟನ್ ಇದಕ್ಕೆ ಮೊದಲ ಅನುಮತಿ ನೀಡಿತು. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್.

ಕರ್ನಾಟಕದಲ್ಲಿ ಈ ರೋಗ ಕಾಣಿಸುವುದು ಚಾಮರಾಜನಗರ, ಮೈಸೂರು, ಕೊಡಗು ಮುಂತಾದ ಜಿಲ್ಲೆಗಳ ಗಿರಿಜನ ಸಮುದಾಯಗಳಲ್ಲಿ. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಶಿಶು ಹಿಮೋಗ್ಲೋಬಿನನ್ನು ಒಂದು ಮಟ್ಟಿಗೆ ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಔಷಧ 1998ರಿಂದಲೇ ಈ ರೋಗಕ್ಕೆ ಮಾನ್ಯತೆ ಪಡೆದಿದೆ. ಕ್ರಿಸ್ಪರ್ ಚಿಕಿತ್ಸೆ ಹಾಡಿಯ ಮಗುವಿಗೆ ಎಟುಕುವ ಬೆಲೆಗೆ ಇಳಿಯಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ಆ ಮಗುವಿನ ರಕ್ತ ಪರೀಕ್ಷೆ ಹುಟ್ಟಿದೊಡನೆ ನಡೆಯುವಂತೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಔಷಧ ಒಂದು ತಿಂಗಳೂ ತಪ್ಪದೆ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು.