ಪೈ-ಹೋಲ್

ಪೈ-ಹೋಲ್ ಎಂಬುದು ಮನೆಯ ಅಥವಾ ಸಣ್ಣ ಕಚೇರಿಯ ಜಾಲಕ್ಕೆ ಸೇರಿದ ಎಲ್ಲ ಸಾಧನಗಳಿಗೂ ಒಂದೇ ಕಡೆಯಿಂದ ಜಾಹೀರಾತುಗಳನ್ನೂ ಬಳಕೆದಾರರ ಜಾಡು ಹಿಡಿಯುವ ತಾಣಗಳನ್ನೂ ತಡೆಯುವ ಮುಕ್ತ ತಂತ್ರಾಂಶ. ಇದನ್ನು ಜೇಕಬ್ ಸಾಲ್ಮೆಲಾ ಅವರು 2014ರಲ್ಲಿ ಆರಂಭಿಸಿದರು. ಹೆಸರಿನಲ್ಲಿರುವ ‘ಪೈ’ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು ಸೂಚಿಸುತ್ತದೆಯಾದರೂ ಲಿನಕ್ಸ್ ಇರುವ ಇತರ ಗಣಕಗಳಲ್ಲೂ ಇದನ್ನು ಸ್ಥಾಪಿಸಬಹುದು. ಈಗಾಗಲೇ ಜಾಲತಾಣವೊಂದನ್ನು ನಡೆಸುತ್ತಿರುವ ಗಣಕದಲ್ಲಿಯೂ ಪೈ-ಹೋಲ್ ಕೆಲಸ ಮಾಡಬಲ್ಲದು. ಆದರೆ ಅದಕ್ಕೆ ಕೆಲವು ಹೊಂದಾಣಿಕೆಗಳು ಅಗತ್ಯ.

ಕಾರ್ಯವಿಧಾನ

ಜಾಲತಾಣದ ಹೆಸರನ್ನು ಅದರ ಐಪಿ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆಗೆ ಡಿಎನ್ಎಸ್ ಎಂದು ಹೆಸರು. ದೂರವಾಣಿ ಕೈಪಿಡಿಯಲ್ಲಿ ಹೆಸರು ನೋಡಿ ಸಂಖ್ಯೆ ಹುಡುಕುವಂತೆ, ಪ್ರತಿಯೊಂದು ಸಾಧನವೂ ಪುಟವನ್ನು ತೆರೆಯುವ ಮುನ್ನ ಡಿಎನ್ಎಸ್ ಸರ್ವರನ್ನು ಕೇಳುತ್ತದೆ. ಪೈ-ಹೋಲ್ ಮನೆಯೊಳಗಿನ ಡಿಎನ್ಎಸ್ ಸರ್ವರ್ ಆಗಿ ನಿಲ್ಲುತ್ತದೆ. ಕೇಳಿದ ಹೆಸರು ತಡೆಪಟ್ಟಿಯಲ್ಲಿದ್ದರೆ, ರೂಢಿಯ ಸಂರಚನೆಯಲ್ಲಿ 0.0.0.0 ಎಂಬ ನಿರುಪಯುಕ್ತ ವಿಳಾಸವನ್ನು ಉತ್ತರವಾಗಿ ನೀಡುತ್ತದೆ. ಜಾಹೀರಾತು ಮನೆಯೊಳಕ್ಕೆ ಬರುವುದೇ ಇಲ್ಲ. ಪಟ್ಟಿಯಲ್ಲಿಲ್ಲದ ಹೆಸರಾದರೆ ಪ್ರಶ್ನೆಯನ್ನು ಹೊರಗಿನ ಡಿಎನ್ಎಸ್ ಸರ್ವರಿಗೆ ಕಳುಹಿಸಿ ಉತ್ತರ ತರುತ್ತದೆ. ಆದ್ದರಿಂದ ತಡೆ ತಂತ್ರಾಂಶವನ್ನು ಅಳವಡಿಸಲಾಗದ ದೂರದರ್ಶಕ ಮೊದಲಾದ ಉಪಕರಣಗಳಿಗೂ ಇದರ ರಕ್ಷಣೆ ದೊರೆಯುತ್ತದೆ.

ಜಾಲ ಸರ್ವರ್‌ನೊಂದಿಗೆ ಬಳಕೆ

ಒಂದೇ ಗಣಕದಲ್ಲಿ ಹಲವು ಸೇವೆಗಳು ನಡೆಯುವಾಗ ಅವುಗಳನ್ನು ಬೇರ್ಪಡಿಸುವುದು ಪೋರ್ಟ್ ಸಂಖ್ಯೆ. ಇದನ್ನು ಒಂದೇ ಮನೆಯ ಹಲವು ಬಾಗಿಲುಗಳಿಗೆ ಹೋಲಿಸಬಹುದು. ಡಿಎನ್ಎಸ್ ಸೇವೆಯ ಪೋರ್ಟ್ 53. ಜಾಲತಾಣಗಳದು 80 ಮತ್ತು 443. ಹೀಗಾಗಿ ಅಪಾಚೆ ಅಥವಾ ಎಂಜಿನ್‌ಎಕ್ಸ್‌ನಂತಹ ಜಾಲ ಸರ್ವರಿಗೂ ಪೈ-ಹೋಲ್‌ನ ಮುಖ್ಯ ಕೆಲಸಕ್ಕೂ ಘರ್ಷಣೆಯಿಲ್ಲ. ಘರ್ಷಣೆ ಉಂಟಾಗುವುದು ಪೈ-ಹೋಲ್‌ನ ನಿರ್ವಹಣಾ ಪುಟದಿಂದ. ಆ ಪುಟವೂ ರೂಢಿಯಂತೆ 80 ಮತ್ತು 443ನ್ನೇ ಬಯಸುತ್ತದೆ. ಒಂದೇ ವಿಳಾಸದ ಒಂದು ಪೋರ್ಟನ್ನು ಎರಡು ಸರ್ವರ್‌ಗಳು ಏಕಕಾಲಕ್ಕೆ ಬಳಸಲಾರವು.

ಹಿಂದಿನ ಆವೃತ್ತಿಗಳು ಈ ಪುಟಕ್ಕಾಗಿ ಲೈಟ್‌ಟಿಪಿಡಿ ಎಂಬ ಪ್ರತ್ಯೇಕ ಸರ್ವರನ್ನು ಬಳಸುತ್ತಿದ್ದವು. 2025ರಲ್ಲಿ ಬಂದ 6ನೆಯ ಆವೃತ್ತಿಯಲ್ಲಿ ಜಾಲ ಸರ್ವರ್ ಪೈ-ಹೋಲ್‌ನೊಳಗೇ ಅಡಕವಾಯಿತು. ಸಂರಚನೆಯಲ್ಲಿ ಅದರ ಪೋರ್ಟನ್ನು 8080 ಮುಂತಾದ ಬಿಡುವಿರುವ ಸಂಖ್ಯೆಗೆ ಬದಲಿಸಿದರೆ ಹಳೆಯ ಜಾಲತಾಣಕ್ಕೆ ತೊಂದರೆಯಾಗದು. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಪೋರ್ಟ್ 53ನ್ನು ವ್ಯವಸ್ಥೆಯದೇ ಡಿಎನ್ಎಸ್ ಸೇವೆಯು ಹಿಡಿದಿಟ್ಟುಕೊಂಡಿರುತ್ತದೆ. ಅಲ್ಲಿ ಅದನ್ನು ಮೊದಲು ಬಿಡಿಸಬೇಕಾಗುತ್ತದೆ.

ಈ ಜೋಡಣೆಯಿಂದ ಇನ್ನೊಂದು ಪ್ರಯೋಜನವಿದೆ. ಮನೆಯ ಜಾಲತಾಣದ ಹೆಸರನ್ನು ಪೈ-ಹೋಲ್‌ನ ಸ್ಥಳೀಯ ಡಿಎನ್ಎಸ್ ದಾಖಲೆಯಲ್ಲಿ ಒಳಗಿನ ಐಪಿ ವಿಳಾಸಕ್ಕೆ ಸೇರಿಸಿದರೆ, ಮನೆಯವರ ಸಾಧನಗಳು ಹೊರಗಿನ ವಿಳಾಸವನ್ನು ಸುತ್ತಿ ಬರದೆ ನೇರವಾಗಿ ತಾಣವನ್ನು ತಲುಪುತ್ತವೆ.

ಸುರಕ್ಷತೆ

ಜಾಲತಾಣವನ್ನು ಹೊರಜಗತ್ತಿಗೆ ತೆರೆಯಲು ರೌಟರಿನಲ್ಲಿ 80 ಮತ್ತು 443ನ್ನು ಒಳಗಿನ ಗಣಕಕ್ಕೆ ಕಳುಹಿಸುವುದು ವಾಡಿಕೆ. ಪೋರ್ಟ್ 53ನ್ನು ಮಾತ್ರ ಎಂದಿಗೂ ಹಾಗೆ ತೆರೆಯಬಾರದು. ಯಾರು ಕೇಳಿದರೂ ಉತ್ತರಿಸುವ ಡಿಎನ್ಎಸ್ ಸರ್ವರನ್ನು ದುಷ್ಕರ್ಮಿಗಳು ಬಳಸಿಕೊಳ್ಳುತ್ತಾರೆ. ಬಲಿಪಶುವಿನ ವಿಳಾಸವನ್ನು ಕಳುಹಿಸಿದವರ ವಿಳಾಸವೆಂದು ನಮೂದಿಸಿ ಚಿಕ್ಕ ಪ್ರಶ್ನೆ ಕೇಳಿದರೆ, ದೊಡ್ಡ ಉತ್ತರವು ಆ ಬಲಿಪಶುವಿನ ಮೇಲೆ ಬೀಳುತ್ತದೆ. ಹೀಗೆ ಮನೆಯ ಗಣಕವೇ ಪರರ ಮೇಲಿನ ದಾಳಿಗೆ ಸಾಧನವಾಗುತ್ತದೆ. ನಿರ್ವಹಣಾ ಪುಟದಲ್ಲಿ ಮನೆಮಂದಿ ಸಂದರ್ಶಿಸಿದ ತಾಣಗಳ ಹೆಸರುಗಳೂ ದಾಖಲಾಗಿರುವುದರಿಂದ, ಆ ಪುಟವನ್ನೂ ಒಳಜಾಲಕ್ಕೆ ಸೀಮಿತಗೊಳಿಸಿ ಗುಪ್ತಪದದಿಂದ ಕಾಯಬೇಕು.

ಇತಿಮಿತಿಗಳು

ತಡೆಯು ಹೆಸರನ್ನು ಆಧರಿಸಿರುವುದರಿಂದ, ವಿಷಯವೂ ಜಾಹೀರಾತೂ ಒಂದೇ ಹೆಸರಿನಿಂದ ಬರುವಲ್ಲಿ ಪೈ-ಹೋಲ್ ನಿಷ್ಫಲವಾಗುತ್ತದೆ. ಯೂಟ್ಯೂಬ್ ಇದಕ್ಕೆ ಪ್ರಸಿದ್ಧ ನಿದರ್ಶನ. ಗೂಢಲಿಪೀಕೃತ ಡಿಎನ್ಎಸ್ ಬಳಸುವ ಬ್ರೌಸರುಗಳು ಇದನ್ನು ದಾಟಿ ಹೋಗಬಲ್ಲವು. ರೌಟರಿನಲ್ಲಿ ಎರಡನೆಯ ಡಿಎನ್ಎಸ್ ಆಗಿ ಹೊರಗಿನ ಸರ್ವರನ್ನು ನಮೂದಿಸಿದರೆ ಕೆಲವು ಪ್ರಶ್ನೆಗಳು ಅತ್ತ ಹರಿದು ಜಾಹೀರಾತುಗಳು ಮರಳಿ ಕಾಣಿಸಿಕೊಳ್ಳುತ್ತವೆ. ಹಾಗೆ ನಮೂದಿಸದಿದ್ದಲ್ಲಿ, ಜಾಲತಾಣದ ದುರಸ್ತಿಗೆಂದು ಗಣಕವನ್ನು ನಿಲ್ಲಿಸಿದಾಗ ಮನೆಯವರೆಲ್ಲರ ಅಂತರಜಾಲವೂ ನಿಂತಂತಾಗುತ್ತದೆ. ಇದನ್ನು ತಪ್ಪಿಸಲು ಬೇರೊಂದು ಗಣಕದಲ್ಲಿ ಎರಡನೆಯ ಪೈ-ಹೋಲ್ ಇರಿಸಿಕೊಳ್ಳುವ ಪದ್ಧತಿಯಿದೆ.